ನಾಲ್ಕು ಎರವಲು ಎಮ್ಮೆ

ಲಿಂಗಸುಗೂರು
18 ಆಗಸ್ಟ್ 1986

ಪಾರ್ವತಕ್ಕನಿಗೆ ತಂಗಿ ಶೇಖರಮ್ಮನ ಶರಣು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು, ಸಿಟ್ಟಾಗಬೇಡ. ಪಂಚಮಿ ವ್ಯಾಪಾರ ಮುಗಿಯುವವರೆಗೂ ಅಪ್ಪ ನನ್ನನ್ನು ಅಂಗಡಿಯಲ್ಲಿ ಸೀರೆ ಮಡಚಲು ಕೂಡಿಸಿಕೊಂಡಿದ್ದ. ಈಗ ಬಿಡುವಾಗಿದೆ, ಅದಕ್ಕೇ ಇನ್‌ಲ್ಯಾಂಡ್ ಕಾಗದದ ಅಂಚಿನವರೆಗೂ ಬರೆಯುತ್ತೇನೆ.

ಬಿ.ಎ. ಕೊನೆಯ ವರ್ಷಕ್ಕೆ ನಮಗೊಂದು ಹಳೆಯ ಇಂಗ್ಲಿಷ್ ಕಾದಂಬರಿ ಇಟ್ಟಿದ್ದಾರೆ. ಮೊದಲ ಪುಟದಿಂದಲೂ ಅದರಲ್ಲಿ ಎಲ್ಲರಿಗೂ ಒಂದೇ ಚಿಂತೆ: ಯಾರ ಹತ್ತಿರ ಎಷ್ಟಿದೆ, ಯಾರನ್ನು ಯಾರಿಗೆ ಕೊಡಬೇಕು. ಗಂಡಿನ ಹೆಸರಿಗಿಂತ ಮೊದಲೇ ಅವನ ವರ್ಷದ ಉತ್ಪನ್ನ ಹೇಳಿಬಿಡುತ್ತಾರೆ, ನಮ್ಮ ಅಂಗಡಿ ಸೀರೆಗೆ ಬೆಲೆಯ ಚೀಟಿ ಅಂಟಿಸಿದ ಹಾಗೆ. ಕಥೆ ಇಷ್ಟು. ಸಾಧಾರಣ ಮನೆತನದ ಒಬ್ಬ ಹುಡುಗಿ, ಓದಿದವಳು, ಬಾಯಿ ಜೋರು. ಊರ ಗುಡ್ಡದ ಮೇಲಿನ ಬಂಗಲೆಗೆ ಒಬ್ಬ ಜಮೀನ್ದಾರ ಬಂದಿದ್ದಾನೆ. ಇನ್ನೊಬ್ಬ ಚರ್ಚಿನಲ್ಲಿ ಪ್ರವಚನ ಹೇಳುವವ, ಗಳಿಕೆ ಅಷ್ಟಕ್ಕಷ್ಟೆ. ಹುಡುಗಿಯ ತಾಯಿಯ ಕಣ್ಣು ಬಂಗಲೆಯ ಮೇಲೆ. ಅಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲವಂತೆ. ದೊಡ್ಡ ಪಡಸಾಲೆಯಲ್ಲಿ ಗಂಡು ಹೆಣ್ಣು ಜೋಡಿಯಾಗಿ ಕುಣಿಯುತ್ತಾರೆ, ಕುಣಿಯುತ್ತಲೇ ಮಾತು ಮುಗಿಸಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಇದೇ ಮಾತು ಶುರುವಾಗಿದೆ. ಪರೀಕ್ಷೆ ಆದ ತಕ್ಷಣ ನನ್ನ ಮದುವೆ ಮಾಡಬೇಕಂತೆ. ಅಪ್ಪ ನಿನ್ನೆಯೂ ಅಂದ, "ಪಾರ್ವತಿ ಮನಿ ನೋಡಾಕ ಹೋದಾಗ ಬಾಗಲ ಮುಂದ ಟ್ರ್ಯಾಕ್ಟರ್ ನಿಂತಿತ್ತು. ಮನಿ ಅಂದ್ರ ಅಂಥಾದ್ದಿರಬೇಕು." ನೋಡು, ನಿನ್ನ ಟ್ರ್ಯಾಕ್ಟರಿಗೆ ಹೋಲಿಸಿ ನನಗೆ ಗಂಡು ಹುಡುಕುತ್ತಿದ್ದಾರೆ.

ನಿನ್ನ ಶೇಖರಿ


ವಳಕಮದಿನ್ನಿ
2 ಸೆಪ್ಟೆಂಬರ್ 1986

ಶೇಖರಿ, ಚೆನ್ನಾಗಿರು.

ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆದಿದೆ. ನಿನ್ನ ಕಾಗದ ಬುತ್ತಿಯ ಗಂಟಿನಲ್ಲೇ ಇತ್ತು. ಮಧ್ಯಾಹ್ನ ಬದುವಿನ ಮೇಲೆ ಕುಳಿತು ಓದುತ್ತಿದ್ದಾಗ ನಾಟಿ ಹಚ್ಚುವ ಹೆಂಗಸರು ಬಿಡಲಿಲ್ಲ, ಗಟ್ಟಿಯಾಗಿ ಓದಿಸಿದರು. ಗುಂಪಿನ ಹಿರಿಯಳು ಯಮನಮ್ಮ ಮೊದಲು ಕೇಳಿದ್ದು, "ಆ ಬಂಗಲಿ ಸಾವಕಾರನ ಹೊಲ ನೀರಾವರೀನೋ ಒಣಾನೋ?" ನನಗೆ ಗೊತ್ತಿಲ್ಲ ಅಂದೆ. "ಅದನ್ನ ಬರೀಲಾರದ ಏನ್ ಕತಿ ಬರ್ದಾರ?" ಅಂತ ನನ್ನನ್ನೇ ಬೈದಳು. ಕರೆಮ್ಮನಿಗೆ ಕುಣಿತದ ಚಿಂತೆ. "ಗಂಡಸು ಕುಣಿದು ತೋರಸಬೇಕಾ? ಹಂಗಿದ್ರ ನಮ್ಮೂರಾಗ ಒಬ್ಬಂಗೂ ಮದವಿ ಆಗ್ತಿರಲಿಲ್ಲ ಬಿಡ್ರಿ." ಕೆಸರಿನಲ್ಲಿ ನಿಂತು ಇಷ್ಟು ನಕ್ಕು ಬಹಳ ದಿನವಾಗಿತ್ತು. ಮುಂದಿನ ಕಥೆ ಬೇಗ ಕಳಿಸು, ಹುಡುಗನ ಮನೆ ನೋಡಲು ಯಾರು ಹೋದರು ಅಂತ ಎಲ್ಲರೂ ಕಾದಿದ್ದಾರೆ.

ನಿಮ್ಮಪ್ಪ, ನಮ್ಮ ಕಾಕಾ, ಇನ್ನೂ ಟ್ರ್ಯಾಕ್ಟರಿನ ಮಾತು ಬಿಟ್ಟಿಲ್ಲವಾ? ಎಂಟು ವರ್ಷದ ಹಿಂದಿನದು. ಬಿಡಲು ಹೇಳು.

ಪಾರ್ವತಿ


ಲಿಂಗಸುಗೂರು
9 ನವೆಂಬರ್ 1986

ಅಕ್ಕ,

ನೀನು ದೊಡ್ಡವಳು, ಅದಕ್ಕೇ ಟ್ರ್ಯಾಕ್ಟರಿನ ಹೊಗಳಿಕೆ ಬೇಡ ಅನ್ನುತ್ತೀ. ನನಗಿದ್ದಿದ್ದರೆ ಕಾಗದದ ಮೇಲೆಯೇ ಚಿತ್ರ ಬರೆದು ಕಳಿಸುತ್ತಿದ್ದೆ.

ಯಮನಮ್ಮನಿಗೆ ಹೇಳು, ಆ ದೇಶದಲ್ಲಿ ಯಾರೂ ಮನೆ ನೋಡಲು ಹೋಗುವುದಿಲ್ಲ, ಊರವರ ಬಾಯಿಂದ ಬಂದ ಲೆಕ್ಕವನ್ನೇ ನಂಬುತ್ತಾರೆ. ಬಂಗಲೆಯವ ಹುಡುಗಿಯನ್ನು ಕೇಳಿದ್ದಾನೆ. ತಾಯಿ ಕುಣಿದಾಡುತ್ತಿದ್ದಾಳೆ, ಹುಡುಗಿ ಇನ್ನೂ ಬಾಯಿ ಬಿಟ್ಟಿಲ್ಲ.

ಈಗ ನಮ್ಮ ಮನೆಯ ಕಥೆ ಕೇಳು, ಅದಕ್ಕಿಂತ ಚೆನ್ನಾಗಿದೆ. ಪಾಮನಕಲ್ಲೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ದೊಡ್ಡಬಸಪ್ಪ, ಮಸ್ಕಿಯಲ್ಲಿ ಮಾಸ್ತರ. ಒಣ ಹೊಲ, ಜೋಳ, ತೊಗರಿ ಬೆಳೆಯುತ್ತಾರೆ. ಅಪ್ಪನಿಗೆ ಮನಸ್ಸಿರಲಿಲ್ಲ, ಬಸ್ಸಪ್ಪ ಮಾವನ ಒತ್ತಾಯಕ್ಕೆ ನಾಲ್ಕು ಹಿರಿಯರ ಜೊತೆ ಮನೆ ನೋಡಲು ಹೋದ. ಮನೆ ನೋಡಲು ಜನ ಬರುತ್ತಾರೆಂದರೆ ನೆರೆಮನೆಯ ಎಮ್ಮೆ, ಜೋಳದ ಚೀಲ, ತಾಮ್ರದ ಹಂಡೆ ತಂದು ಜೋಡಿಸುವುದು ನಮ್ಮ ಕಡೆ ಇದ್ದದ್ದೇ. ತೋರಿಸುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅವರೂ ಅಂಗಳದಲ್ಲಿ ಆರು ಎಮ್ಮೆ ಕಟ್ಟಿದ್ದರಂತೆ. ಅಪ್ಪ ಮರ್ಯಾದೆಗೆ ಒಂದು ಮಾತು ಅಂದ, "ಆರೆಮ್ಮಿ ಅಂದ್ರ ಹೈನ ಚಲೋ ಅದ ಬಿಡ್ರಿ." ಆಗ ಹುಡುಗನೇ ಎದ್ದು ನಿಂತು ಹೇಳಿದ, "ಎರಡಷ್ಟ ನಮ್ಮವು ರೀ. ಉಳಿದ ನಾಕು ನೆರೆಮನೀವು, ಎರವಲು ತಂದೀವಿ. ಹಾಲು ಕರಿಯೋ ಹೊತ್ತಿಗೆ ತಮ್ಮ ಮನಿಗೆ ಹೋಗ್ತಾವ."

ಚಹಾ ತರುತ್ತಿದ್ದ ಅವನ ಅವ್ವ ನಿಂತಲ್ಲೇ ಕಂಬವಾದಳಂತೆ. ಅಪ್ಪ ಅರ್ಧ ಚಹಾ ಬಿಟ್ಟು ಎದ್ದು ಬಂದ, ಸಿಟ್ಟಿನಲ್ಲಿ ಕೊಡೆಯನ್ನೂ ಅಲ್ಲೇ ಮರೆತ. ಮನೆಗೆ ಬಂದು ಒಂದೇ ಕೂಗಾಟ. "ಹಿರೇರ ಮುಂದ ನನ್ನ ಇಜ್ಜತ್ ತಗದ! ಆ ಎಮ್ಮಿ ಹೊಗಳಿದವ ನಾ, ಈಗ ಹುಚ್ಚ ಆದವ ಯಾರು?" ನಾನು ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಈಗ ಮುಕ್ಕುಂದದ ಸಂಬಂಧ ನೋಡುತ್ತಿದ್ದಾರೆ. ನಲವತ್ತು ಎಕರೆ ಭತ್ತದ ಗದ್ದೆ.

ಶೇಖರಿ


ವಳಕಮದಿನ್ನಿ
24 ನವೆಂಬರ್ 1986

ಶೇಖರಿ,

ಕೊಯ್ಲು ನಡೆದಿದೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಎಮ್ಮೆ ಕಥೆ ಓದಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಯಮನಮ್ಮ ಒಬ್ಬಳು ನಗಲಿಲ್ಲ. "ಆ ಹುಡುಗ್ಗ ಹೆಣ್ಣು ಕೊಡಬೇಕು ನೋಡ್ರಿ. ನಾಳಿ ಹೆಂಡ್ತಿಗೆ ಅವ ಏನ ಹೇಳಿದ್ರೂ ಖರೇ ಇರ್ತದ" ಅಂದಳು. ಹೇಳುವಾಗ ನನ್ನ ಮುಖ ನೋಡಿದಳು, ಯಾಕೋ.

ಅವಳ ಮಾತು ಹಾಗಿರಲಿ. ಮುಕ್ಕುಂದದ್ದು ಒಳ್ಳೆಯ ಸಂಬಂಧ, ಹೊಳೆಯ ದಂಡೆಯ ಭೂಮಿ. ನನಗೂ ಹತ್ತಿರವಾಗುತ್ತೀ. ಒಪ್ಪಿಕೋ.

ಪಾರ್ವತಿ


ಲಿಂಗಸುಗೂರು
12 ಜನವರಿ 1987

ಅಕ್ಕ,

ನಿನ್ನ ಹತ್ತಿರ ಮುಚ್ಚಿಟ್ಟು ನನಗೆ ರೂಢಿಯಿಲ್ಲ. ಹೋದ ತಿಂಗಳು ನಡೆದದ್ದನ್ನು ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ಒಂದು ಭಾನುವಾರ ಅಪ್ಪ ಊಟಕ್ಕೆ ಹೋಗಿದ್ದ, ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಬಿಳಿ ಅಂಗಿಯ ಒಬ್ಬ ಹುಡುಗ ಬಂದು ಕಟ್ಟೆಯ ಮೇಲೆ ಒಂದು ಕೊಡೆ ಇಟ್ಟ. ಅಪ್ಪನದೇ, ಹಿಡಿಕೆಗೆ ಕೆಂಪು ದಾರ ಸುತ್ತಿದ್ದು. "ಇದು ನಿಮ್ಮ ಮನೀದ ರೀ, ಎರವಲಲ್ಲ" ಅಂದ. ಯಾರೆಂದು ನನಗೆ ಆಗಲೇ ತಿಳಿಯಿತು. ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಅಂದು ಯಾಕೆ ಹಾಗೆ ಹೇಳಿಬಿಟ್ಟಿರಿ ಅಂತ ಕೇಳಿದೆ. "ನಾಳಿ ನೀವು ಬಂದು ಆರು ಎಮ್ಮಿ ಎಲ್ಲಿ ಅಂತ ಕೇಳಿದ್ರ ಏನ್ ಹೇಳಬೇಕಿತ್ತು ರೀ? ನಮ್ಮವ್ವ ಮೂರು ದಿನ ಮಾತಾಡಿಲ್ಲ ನನ್ ಜೋಡಿ" ಅಂದ. ನೀರು ಕುಡಿದು ಬಸ್ಸಿಗೆ ಹೋದ. ಇಷ್ಟೇ ಮಾತು, ಅಕ್ಕ. ಅಂದಿನಿಂದ ಕಾದಂಬರಿಯ ಯಾವ ಪುಟ ತೆಗೆದರೂ ಆ ಎಮ್ಮೆಗಳೇ ಬಂದು ನಿಲ್ಲುತ್ತವೆ. ನನಗೆ ಅವನೇ ಬೇಕು.

ಅವ್ವನಿಗೆ ಹೇಳಿದೆ, ಅವಳು ಅಪ್ಪನಿಗೆ ಹೇಳಿದಳು. ಅಪ್ಪನ ಉತ್ತರ ನಿನಗೆ ಗೊತ್ತೇ ಇದೆ: ಪಾರ್ವತಿಯ ಮನೆ, ಪಾರ್ವತಿಯ ಟ್ರ್ಯಾಕ್ಟರ್. ದೊಡ್ಡಪ್ಪ ತೀರಿದ ಮೇಲೆ ನಿನ್ನನ್ನು ನೋಡಿ ಮಾಡಿ ಕೊಟ್ಟವನು ಅವನು, ನಿನ್ನ ಮಾತು ತೆಗೆದುಹಾಕುವುದಿಲ್ಲ. ಒಂದು ಕಾಗದ ಬರಿ. ಮನೆಯ ಮುಂದೆ ಟ್ರ್ಯಾಕ್ಟರ್ ಇಲ್ಲದಿದ್ದರೂ ಬಾಳುವೆ ನಡೆಯುತ್ತದೆ ಅಂತ, ಟ್ರ್ಯಾಕ್ಟರ್ ಇದ್ದವಳೇ ಹೇಳಿದರೆ ನಂಬುತ್ತಾನೆ.

ಕಾದಂಬರಿಯ ಹುಡುಗಿ ಬಂಗಲೆಯವನಿಗೆ ಆಗುವುದಿಲ್ಲ ಅಂದುಬಿಟ್ಟಳು. ಬದುವಿನ ಮೇಲೆ ಹೇಳು.

ನಿನ್ನ ಶೇಖರಿ


ಲಿಂಗಸುಗೂರು
3 ಮಾರ್ಚ್ 1987

ಪಾರ್ವತಕ್ಕನವರಿಗೆ,

ಎರಡು ತಿಂಗಳಾಗುತ್ತ ಬಂತು, ಒಂದು ಸಾಲಿಲ್ಲ. ಕಾಗದ ಮುಟ್ಟಿದೆ ಅಂತ ಸಿಂಧನೂರಿನಿಂದ ಬಂದ ಬಸ್ಸಪ್ಪ ಮಾವ ಹೇಳಿದ. ಬೇಡವೆಂದರೆ ಬೇಡ ಅಂತಲಾದರೂ ಬರೆಯಬಹುದಿತ್ತು. ಕಾದಂಬರಿಯಲ್ಲಿ ಒಬ್ಬ ಅತ್ತೆ ಇದ್ದಾಳೆ, ಶ್ರೀಮಂತರ ಮನೆ ಸೇರಿದ ಮೇಲೆ ತವರಿನವರ ಕಾಗದ ಒಡೆಯುವುದೇ ಇಲ್ಲ. ನಿನ್ನ ನೆನಪಾಯಿತು. ಹೀಗೆ ಬರೆಯುವಾಗ ನನಗೂ ಸಂಕಟವಾಗುತ್ತಿದೆ.

ಯುಗಾದಿ ಆದ ಮೇಲೆ ಮುಕ್ಕುಂದದವರು ಮಾತು ಮುಗಿಸಲು ಬರುತ್ತಾರೆ.

ಶೇಖರಮ್ಮ


ವಳಕಮದಿನ್ನಿ
19 ಮಾರ್ಚ್ 1987

ಶೇಖರಿ, ನನ್ನ ತಂಗಿ,

ನಿನ್ನ ಸಿಟ್ಟು ನನಗೆ ಸಲ್ಲಬೇಕಾದದ್ದೇ. ಆದರೆ ಶ್ರೀಮಂತಿಕೆಗೆ ಅಲ್ಲ. ನಾಚಿಕೆಯಾಗಿ ಸುಮ್ಮನಿದ್ದೆ.

ಆ ಟ್ರ್ಯಾಕ್ಟರ್ ನಮ್ಮದಲ್ಲ. ಅಂದೂ ಅಲ್ಲ, ಇಂದೂ ಅಲ್ಲ. ಹಿಂದಿನ ಓಣಿಯ ಕರೀಂಸಾಬನದು. ಕಾಕಾ ಮನೆ ನೋಡಲು ಬರುತ್ತಾನೆಂದು ನಮ್ಮ ಮಾವನವರು ತಂದು ಬಾಗಿಲ ಮುಂದೆ ನಿಲ್ಲಿಸಿದ್ದರು, ಮದುವೆಗೂ ಮತ್ತೆ ತಂದಿದ್ದರು. ನನಗೆ ಇದು ಗೊತ್ತಾದ ಬಗೆ ಹೇಳುತ್ತೇನೆ, ನಗಬೇಡ. ಮದುವೆಯಾಗಿ ನಾನು ಬಂದ ಮೂರನೇ ದಿನ ಕರೀಂಸಾಬ ಅದನ್ನು ತನ್ನ ಗದ್ದೆಗೆ ಒಯ್ದ. ಹೊಸ ಸೊಸೆಯ ಜಂಬ ನೋಡು, ಅವನ ಹೆಂಡತಿ ಸುಭಾನಬಿ ನೀರಿಗೆ ಬಂದಾಗ ಗದರಿಸಿಬಿಟ್ಟೆ, "ನಮ್ಮ ಟ್ರ್ಯಾಕ್ಟರ್ ಸಂಜಿ ಆಗೋದ್ರೊಳಗ ತಂದು ನಿಲ್ಲಸ್ರಿ." ಆಕೆ ನನ್ನ ಮುಖ ನೋಡಿದಳು. "ಆಗ್ಲಿ ಬೇಟಿ, ಕಳಸ್ತೀನಿ" ಅಂದಳು. ಸಂಜೆಗೆ ಟ್ರ್ಯಾಕ್ಟರ್ ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಮರುದಿನವೂ ಬಂತು. ಹೀಗೆ ಎಂಟು ದಿನ, ಹೊಸ ಹೆಣ್ಣುಮಗಳ ಮುಖ ಬಾಡಬಾರದು ಅಂತ, ಆಕೆ ತಮ್ಮ ಟ್ರ್ಯಾಕ್ಟರನ್ನು ದಿನಾ ಸಂಜೆ ನಮ್ಮ ಮನೆಗೆ ಕಳಿಸಿದಳು. ಕೊನೆಗೆ ಗದ್ದೆಯಲ್ಲಿ ಯಮನಮ್ಮ ನನ್ನನ್ನು ಬದಿಗೆ ಕರೆದು ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಭಾನಬಿಯ ಮನೆಗೆ ಓಡಿದೆ, ಅತ್ತುಬಿಟ್ಟೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದಳು.

ಅಂದಿನಿಂದ ಕಾಕಾ ಬಂದು ಟ್ರ್ಯಾಕ್ಟರ್ ಎಲ್ಲಿ ಅಂದಾಗಲೆಲ್ಲ "ಗದ್ದಿಗೆ ಹೋಗ್ಯಾದ" ಅನ್ನುತ್ತೇವೆ. ಎಂಟು ವರ್ಷ ಅದೇ ಮಾತು. ಇದನ್ನು ಈಗ ಬರೆದರೆ ತವರಿನಲ್ಲಿ ನನ್ನ ಮನೆಯವರ ತಲೆ ತಗ್ಗುತ್ತದೆ ಅಂತ ಹೆದರಿದ್ದೆ. ಮೊನ್ನೆ ನಮ್ಮ ಯಜಮಾನರನ್ನೇ ಕೇಳಿದೆ. ಕಂದೀಲು ತಂದು ನನ್ನ ಮುಂದೆ ಇಟ್ಟರು. ಆಮೇಲೆ ಅಂದರು, "ಬರಿ. ಆ ಹುಡುಗ ನಿಂತು ಹೇಳಿದ್ದನ್ನ ನಾ ಅವತ್ತು ಹೇಳಬೇಕಿತ್ತು. ನಂಗೂ ಹಗುರ ಆಗ್ತದ."

ನಾನು ಇಲ್ಲಿ ಸುಖವಾಗಿದ್ದೇನೆ, ಶೇಖರಿ. ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ. ಆದರೆ ಟ್ರ್ಯಾಕ್ಟರಿನಿಂದ ಅಲ್ಲ. ಇದನ್ನೆಲ್ಲ ಬಿಡಿಸಿ ಕಾಕಾನಿಗೂ ಬೇರೆ ಕಾಗದ ಹಾಕಿದ್ದೇನೆ. ಮುಕ್ಕುಂದದವರು ಬರುವ ಮೊದಲೇ ಮುಟ್ಟಲಿ.

ಪಾರ್ವತಿ


ಲಿಂಗಸುಗೂರು
7 ಏಪ್ರಿಲ್ 1987

ಅಕ್ಕ, ನನ್ನ ಅಕ್ಕ,

ಮೊದಲು ಹೋದ ಕಾಗದದ ತಪ್ಪು ಹೊಟ್ಟೆಗೆ ಹಾಕಿಕೋ. ಅದನ್ನು ಒಲೆಗೆ ಹಾಕು.

ನಿನ್ನ ಎರಡೂ ಕಾಗದ ಯುಗಾದಿಗೆ ಎರಡು ದಿನ ಮೊದಲು ಬಂದವು. ಅಪ್ಪ ತನ್ನದನ್ನು ಅಂಗಡಿಯಲ್ಲೇ ಒಡೆದು ಓದಿದ, ಮಡಚಿ ಜೇಬಿಗಿಟ್ಟ, ರಾತ್ರಿ ಅರ್ಧ ಊಟಕ್ಕೇ ಎದ್ದ. ಇನ್ನು ನಮ್ಮಿಬ್ಬರಿಗೂ ಕಾದಿದೆ ಅಂದುಕೊಂಡು ನಾನು ಗೋಡೆಗೆ ಒರಗಿ ನಿಂತಿದ್ದೆ. ಬೇವು ಬೆಲ್ಲ ತಿನ್ನುವ ದಿನ ಒಮ್ಮೆಲೇ ನಗಲು ಶುರು ಮಾಡಿದ. "ಟ್ರ್ಯಾಕ್ಟರ್ ಎಂಟ್ ವರ್ಷದ ಹಿಂದ ಗದ್ದಿಗೆ ಹೋಗ್ಯಾದ, ಇನ್ನಾ ಬಂದಿಲ್ಲ! ನಂಗೇನ್ ಗೊತ್ತಿಲ್ಲೇನು?" ಅಂದ.

ಅವನಿಗೆ ಗೊತ್ತಿತ್ತು, ಅಕ್ಕ! ಮೊದಲ ದಿನವೇ ಗೊತ್ತಿತ್ತು. ಹಸಿ ನೆಲದ ಮೇಲೆ ಗಾಲಿಯ ಗುರುತು ಹಿಂದಿನ ಓಣಿಯಿಂದ ಬಂದದ್ದನ್ನು ನೋಡಿದ್ದನಂತೆ. ಎಣ್ಣೆ ಎಷ್ಟು ಕುಡಿಯುತ್ತದೆ ಅಂತ ನಿಮ್ಮ ಯಜಮಾನರನ್ನು ಕೇಳಿದಾಗ ಅವರು ತಲೆ ತಗ್ಗಿಸಿ ನೆಲ ನೋಡಿದರಂತೆ. "ಅವಗ ಸುಳ್ಳು ಹೇಳಾಕ ಬರಲಿಲ್ಲ. ಅದನ್ನ ನೋಡಿ ನಮ್ಮ ಹುಡುಗೀನ ಕೊಟ್ಟೆ" ಅಂದ. ಹಾಗಾದರೆ ಊರ ತುಂಬ ಟ್ರ್ಯಾಕ್ಟರಿನ ಸುದ್ದಿ ಯಾಕೆ ಹೇಳುತ್ತಿದ್ದಿ ಅಂತ ಕೇಳಿದೆ. "ತಂದಿ ಇಲ್ಲದ ಹುಡುಗಿ. ನಾ ಟ್ರ್ಯಾಕ್ಟರ್ ಅದ ಅಂದ್ರ ಊರೂ ಅದ ಅಂತದ, ಪಾರ್ವತಿ ತೂಕ ಉಳೀತದ." ಇದನ್ನು ಬರೆಯುವಾಗ ನನ್ನ ಕಣ್ಣು ತುಂಬುತ್ತಿದೆ.

ನಾನು ಧೈರ್ಯ ಮಾಡಿದೆ. ಪಾಮನಕಲ್ಲೂರಿನವನಿಗೂ ಸುಳ್ಳು ಬರುವುದಿಲ್ಲವಲ್ಲ ಅಂದೆ. "ಪಾರ್ವತಿ ಗಂಡ ಸುಮ್ನಿದ್ದ. ಇವ ಹಿರೇರ ಮುಂದ ಬಾಯಿ ಬಿಟ್ಟ. ಗೊತ್ತಿದ್ದದ್ದನ್ನ ಹೇಳಿಬಿಟ್ರ ಮುಂದ ಕುಂತು ಮಾತಾಡೋದೇನು?" ಅಂದ. ಆಗ ಅವ್ವ ಒಳಗಿಂದಲೇ ಅಂದಳು, "ಅವತ್ತು ಟ್ರ್ಯಾಕ್ಟರ್ ಬಿಟ್ಟು ಹುಡುಗನ್ನ ನೋಡಿದ್ರಿ. ಈಗ ಎಮ್ಮಿ ಬಿಟ್ಟು ಹುಡುಗನ್ನ ನೋಡ್ರಿ."

ನಿನ್ನೆ ಬೆಳಿಗ್ಗೆ ಕೊಡೆ ಹಿಡಿದು ಒಬ್ಬನೇ ಬಸ್ಸು ಹತ್ತಿದ. ಎಲ್ಲಿಗೆಂದು ಹೇಳಲಿಲ್ಲ. ಸಂಜೆ ಬಂದಾಗ ಮೈಯೆಲ್ಲ ಧೂಳು, ಕೈಯಲ್ಲಿ ಕೊಡೆಯಿಲ್ಲ. ಕಾಲಿಗೆ ನೀರು ಕೊಟ್ಟು, ಕೊಡೆ ಮತ್ತೆ ಮರೆತು ಬಂದೆಯಾ ಅಂತ ಕೇಳಿದೆ. "ಎರಡೇ ಎಮ್ಮಿ ಅದಾವ, ಖರೇ. ಒಂದು ಗಬ್ಬ ಅದ" ಅಂದ. ಕಾಲು ತೊಳೆದುಕೊಂಡ ಮೇಲೆ ಅಂದ, "ಕೊಡಿ ಅಲ್ಲೇ ಇರ್ಲಿ. ಹೆಂಗೂ ಮತ್ತ ಹೋಗಬೇಕಲ್ಲ."

ಮುಕ್ಕುಂದದವರಿಗೆ ಬಸ್ಸಪ್ಪ ಮಾವ ಹೋಗಿ ಮರ್ಯಾದೆಯಿಂದ ಹೇಳಿ ಬರುತ್ತಾನೆ. ಸುಭಾನಬಿಗೆ ನನ್ನ ಸಲಾಮ ಹೇಳು.

ಶೇಖರಿ


ವಳಕಮದಿನ್ನಿ
20 ಏಪ್ರಿಲ್ 1987

ಶೇಖರಿ,

ಕಾಗದವನ್ನು ನಾಲ್ಕು ಸಲ ಓದಿದೆ. ಕಾಕಾನಿಗೆ ಗೊತ್ತಿತ್ತು ಅನ್ನುವ ಸಾಲನ್ನು ನಮ್ಮ ಮನೆಯವರಿಗೆ ಎರಡು ಸಲ ಓದಿಸಿದೆ. "ಅಯ್ಯ, ಎಂಟ್ ವರ್ಷ ಸುಮ್ನ ಕಳ್ಳರಂಗ ಇದ್ದಿವಲ್ಲ!" ಅಂತ ನಕ್ಕು, ಸಂಜೆ ಕರೀಂಸಾಬನ ಮನೆಗೆ ಹೋಗಿ ಹೇಳಿ ಬಂದರು. ಸುಭಾನಬಿ ನಿನಗೆ ಹಸಿರು ಬಳೆ ಎತ್ತಿಟ್ಟಿದ್ದಾಳೆ.

ಬೇಸಿಗೆ ಬೆಳೆಯ ಕೊಯ್ಲಿಗೆ ಬಂದ ಹೆಂಗಸರು ಒಂದೇ ಸಮನೆ ಕೇಳುತ್ತಿದ್ದಾರೆ, ಇಂಗ್ಲಿಷಿನ ಹುಡುಗಿ ಏನು ಮಾಡಿದಳು? ಪ್ರವಚನದವನನ್ನು ಆದಳಾ? ಆಗಿದ್ದರೆ ಅವನ ಮನೆಯನ್ನು ಯಾರಾದರೂ ನೋಡಿದರಾ? ನೋಡದೆ ಕೊಟ್ಟಿದ್ದರೆ ಮತ್ತೆ ಬರಿಸಬೇಕು ಅನ್ನುತ್ತಿದ್ದಾಳೆ ಯಮನಮ್ಮ.

ಪಾರ್ವತಿ


ಲಿಂಗಸುಗೂರು
6 ಮೇ 1987

ಅಕ್ಕ,

ಕಾರ್ಡಿನಲ್ಲಿ ಇಷ್ಟೇ. ಇಂದು ಇಂಗ್ಲಿಷ್ ಪೇಪರ್ ಮುಗಿಯಿತು. ಹಣ, ಅಂತಸ್ತು, ಮದುವೆ ಇವುಗಳನ್ನು ಕುರಿತು ಕಾದಂಬರಿಯಲ್ಲಿ ಏನಿದೆ ಅಂತ ಹದಿನೈದು ಅಂಕದ ಪ್ರಶ್ನೆ. ಬರೆಯುತ್ತ ಬರೆಯುತ್ತ ಪಾಮನಕಲ್ಲೂರಿನ ಎಮ್ಮೆಗಳನ್ನು ತಂದುಬಿಟ್ಟೆ, ಅರ್ಧ ಪುಟ, ಇಂಗ್ಲಿಷಿನಲ್ಲಿ. ಗಾಬರಿಯಾಗಿ ಹೊಡೆದುಹಾಕಿದೆ. ಮದುವೆ ಜೂನ್ ಎಂಟಕ್ಕೆ. ಒಂದು ವಾರ ಮೊದಲೇ ಬಾ.

ಹುಡುಗಿ ಪ್ರವಚನದವನನ್ನೇ ಆದಳು. ಅವನ ಮನೆಯನ್ನು ಯಾರೂ ನೋಡಲಿಲ್ಲ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ.

ಶೇಖರಿ


ಪಾಮನಕಲ್ಲೂರು
9 ಡಿಸೆಂಬರ್ 1991

ಪಾರ್ವತಕ್ಕನಿಗೆ ಶರಣು.

ಜೋಳದ ತೆನೆ ಬಿಚ್ಚಿವೆ. ನಮ್ಮವರು ಮಸ್ಕಿಯಿಂದ ಬರುವುದರೊಳಗೆ ಬರೆದು ಮುಗಿಸಬೇಕು, ಆಮೇಲೆ ಮಗಳು ಪೆನ್ನು ಬಿಡುವುದಿಲ್ಲ. ಈ ಸಲದ ಸುದ್ದಿಯನ್ನು ಸುಭಾನಬಿಯನ್ನೂ ಯಮನಮ್ಮನನ್ನೂ ಕೂಡಿಸಿಕೊಂಡು ಓದು.

ಪಕ್ಕದ ಮನೆಯ ಕುರಿ ಕಾಯುವ ಯಮನೂರಪ್ಪ ಗೊತ್ತಲ್ಲ, ಅಂದಿನ ನಾಲ್ಕು ಎಮ್ಮೆಗಳಲ್ಲಿ ಎರಡು ಅವನವೇ ಆಗಿದ್ದವು. ಆಮೇಲೆ ಹೆಣ್ಣುಮಗಳ ಮದುವೆಗೆ ಮಾರಿದ. ಈಗ ಅವನ ಮಗ ಬಾಲಪ್ಪನಿಗೆ ಹೆಣ್ಣು ಗೊತ್ತು ಮಾಡುತ್ತಿದ್ದಾರೆ. ಇಂದು ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಅವನ ಹೆಂಡತಿ ಆದೆಮ್ಮ ಬಾಗಿಲಲ್ಲಿ ನಿಂತು ಸೆರಗು ತಿರುವುತ್ತಿದ್ದಳು. "ಎರಡು ಎಮ್ಮಿ ಬೇಕಾಗಿದ್ವು ಅಕ್ಕೋರೆ. ಮಾಸ್ತರು ಏನಂತಾರೋ?" ನಮ್ಮವರು ಸ್ಕೂಲಿಗೆ ಹೊರಟಿದ್ದರು. ನಕ್ಕು, ತಾವೇ ಕಣ್ಣಿ ಬಿಚ್ಚಿ ಹಗ್ಗ ಅವಳ ಕೈಗೆ ಕೊಟ್ಟರು. "ಆ ಕಪ್ಪಂದು ಹಾಯ್ತದ, ಸಣ್ಣ ಹುಡುಗರನ್ನ ದೂರ ಇಡ್ರಿ" ಅಂದರು, ಅಷ್ಟೇ.

ಮಧ್ಯಾಹ್ನ ಹೆಣ್ಣಿನ ತಂದೆ ನೀರು ಕುಡಿಯುವ ನೆಪ ಮಾಡಿ ನಮ್ಮ ಕಟ್ಟೆಗೆ ಬಂದ. ವಯಸ್ಸಾದವ, ಬಿಸಿಲಿಗೆ ಮುಖ ಸುಟ್ಟಿತ್ತು. ನಮ್ಮ ಖಾಲಿ ಗೂಟಗಳನ್ನು ನೋಡಿದ, ಅವರ ಅಂಗಳದ ಎಮ್ಮೆಗಳನ್ನು ನೋಡಿದ. "ಯವ್ವಾ, ಒಂದ್ ಮಾತು. ಆ ಎಮ್ಮಿ ಯಾರವು?" ಅಂದ.

ಅಕ್ಕ, ನಾನು ಲೋಟ ಹಿಡಿದು ನಿಂತೇಬಿಟ್ಟೆ. ನಮ್ಮವು ಅಂದರೆ ಆದೆಮ್ಮನ ಮುಖ ಏನಾಗಬೇಕು? ಅವರವು ಅಂದರೆ ಸಂಜೆ ನಾನು ನನ್ನ ಗಂಡನ ಮುಖ ಹೇಗೆ ನೋಡಲಿ? ಸುಭಾನಬಿ ಕಣ್ಣ ಮುಂದೆ ಬಂದಳು, ಅಪ್ಪನ ಕೊಡೆಯೂ ಬಂತು. ಕೊನೆಗೆ ಅಂದೆ, "ಎಮ್ಮಿ ಮಾತು ನಂಗ್ಯಾಕ ಕೇಳ್ತೀರಿ? ಹುಡುಗನ್ನ ಕೇಳ್ರಿ."

ಅವನು ಹೋದ. ನಾನು ಬಾಗಿಲ ಮರೆಗೆ ನಿಂತೆ. ಬಾಲಪ್ಪ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ಅಂದ, "ಮಾಸ್ತರ ಮನೀವು ರೀ. ನಮ್ಮದು ಆ ಮೂಲ್ಯಾಗಿನ ಕರ ಒಂದ." ಮುದುಕ ಎದ್ದು ಮೂಲೆಗೆ ಹೋದ. ಕರುವಿನ ಬೆನ್ನ ಮೇಲೆ ಕೈಯಾಡಿಸಿದ, ಬಾಯಿ ತೆರೆದು ಹಲ್ಲು ನೋಡಿದ.

"ಕರ ಚಲೋ ಅದ" ಅಂದ. "ಬೆಲ್ಲ ತರ್ರಿ."

ಎಮ್ಮೆಗಳು ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದವು. ಆದೆಮ್ಮ ಬೆಲ್ಲದ ತಟ್ಟೆ ಹಿಡಿದು ಹಿಂದೆಯೇ ಬಂದಳು. ನಮ್ಮವರ ಸೈಕಲ್ ಸದ್ದು ಕೇಳುತ್ತಿದೆ, ಇದನ್ನು ಅವರಿಗೆ ಮೊದಲು ನಾನೇ ಹೇಳಬೇಕು.

ನಿನ್ನ ಶೇಖರಿ